ಬಾರೋ, ಲೆಂಡ್: ಕೊಡುವುದು ಯಾವುದು, ತೆಗೊಳ್ಳುವುದು ಯಾವುದು?

ಇಂಟರ್‌ವ್ಯೂಗೆಂದು ಮಣಿಪಾಲ, ಮಂಗಳೂರು ತಿರುಗುವವರು ಗಮನಿಸಿ. ‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್’ ತಪ್ಪು. ನಮ್ಮಲ್ಲಿ ಕೊಟ್ಟರೂ ಸಾಲ, ತೆಗೊಂಡರೂ ಸಾಲ, ಎಡವುವುದು ಅಲ್ಲೇ. ಇಂಗ್ಲಿಷಿನಲ್ಲಿ ತೆಗೊಳ್ಳುವುದು ಬಾರೋ, ಯಾರಿಂದ ಎನ್ನಲು ‘ಫ್ರಮ್’. ಕೊಡುವುದು ಲೆಂಡ್. ಹಾಗಾಗಿ ‘ಕ್ಯಾನ್ ಐ ಬಾರೋ’ ಅಥವಾ ‘ಕ್ಯಾನ್ ಯು ಲೆಂಡ್ ಮಿ’ ಅನ್ನಿ.

ಹಳೆಯ ಇಂಗ್ಲಿಷಿನ ‘ಬೋರ್ಗ್’ ಅಂದರೆ ಅಡವು, ಜಾಮೀನು. ಬಾರೋ ಹುಟ್ಟಿದ್ದು ಅದರಿಂದ. ಲೆಂಡ್‌ಗೆ ಮೂಲದಲ್ಲಿ ಕೊನೆಯ ‘ಡ’ಕಾರವೇ ಇರಲಿಲ್ಲ, ಭೂತಕಾಲದ ರೂಪದಿಂದ ಬಂದು ಅಂಟಿಕೊಂಡದ್ದು. ಈಗಿನ ಭೂತಕಾಲ ‘ಲೆಂಟ್’. ‘ಲೆಂಡೆಡ್’ ಅಂತ ಒಂದಿಲ್ಲ ಮಾರಾಯ್ರೆ!

ಇನ್ನೊಂದು: ಎತ್ತಿಕೊಂಡು ಹೋಗಲಾಗದ್ದಕ್ಕೆ ಬಾರೋ ಬೇಡ. ಆಫೀಸಿನ ಟಾಯ್ಲೆಟ್ಟಿಗೆ ‘ಕ್ಯಾನ್ ಐ ಯೂಸ್’ ಸಾಕು.