ಗಟ್ಟಿಮೇಳ ಇಲ್ಲದ ಮದುವೆ ಮಾಡಿಸೋದು

ಬೇಲೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡೋದು ನನ್ನ ಕೆಲಸ. ರಜೆ ಸಿಕ್ಕಾಗ ಮದುವೆ ಮಾಡಿಸುತ್ತೇನೆ. ಪುರೋಹಿತರಿಲ್ಲದ, ವರದಕ್ಷಿಣೆ ಇಲ್ಲದ, ಅರ್ಧ ಗಂಟೆಯಲ್ಲಿ ಮುಗಿಯುವ ಮದುವೆ. ದುಡ್ಡು ತಗೊಳ್ಳಲ್ಲ. ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಅಂತ ಎಲ್ಲಿಂದ ಕರೆದರೂ ಬಸ್ಸು ಹತ್ತಿ ಹೋಗುತ್ತೇನೆ. "ನೀವು ಓದೋದನ್ನ ವಾಟ್ಸಾಪಿಗೆ ಹಾಕಿ, ನಾವೇ ಮಾಡಿಸ್ಕೋತೀವಿ" ಅಂತ ಈಗೀಗ ತುಂಬಾ ಜನ ಕೇಳುತ್ತಾರೆ. ಹಾಕುತ್ತೇನೆ, ಅದೇನು ಗುಟ್ಟಲ್ಲ. ಓದೋದಕ್ಕೆ ಐದಾರು ನಿಮಿಷ ಸಾಕು. ಕಷ್ಟ ಇರೋದು ಬೇರೆ ಕಡೆ.

ಈ ಪದ್ಧತಿ ನಮ್ಮ ಕಡೆಯವರಿಗೆ ಹೊಸದೇನಲ್ಲ. ಮಂತ್ರ ಮಾಂಗಲ್ಯ ಅಂತ ಇದನ್ನು ರೂಪಿಸಿದವರು ಕುವೆಂಪು. 1966ರಲ್ಲಿ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು ಹೀಗೇ ಸರಳವಾಗಿ ಮಾಡಿದರು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ತೇಜಸ್ವಿ ತೋಟ ಮಾಡಿಕೊಂಡು ಬದುಕಿದ್ದು ಮೂಡಿಗೆರೆಯಲ್ಲಿ. ಹಾಗಾಗಿ ಯಾವುದಾದರೂ ಮನೆಯಲ್ಲಿ ಅಜ್ಜ "ಇದೆಲ್ಲ ಯಾವ ದೇಶದ್ದು?" ಅಂತ ಗದರಿದರೆ ನಾನು ದೂರ ಹೋಗಬೇಕಾಗಿಲ್ಲ. "ನಿಮ್ಮ ಮೂಡಿಗೆರೆದೇ ಅಜ್ಜ" ಅಂದರೆ ಅರ್ಧ ಸಿಟ್ಟು ಇಳಿಯುತ್ತದೆ. ಅರಸೀಕೆರೆ, ಕಡೂರು ಕಡೆಯ ಲಿಂಗಾಯತರ ಮನೆಗಳಲ್ಲಿ ವಚನ ಓದಿ ಅಂತಾರೆ, ಓದುತ್ತೇನೆ. ಸಂವಿಧಾನದ ಪೀಠಿಕೆ ಓದಿಸಿ ಅನ್ನುವ ಜೋಡಿಗಳೂ ಇದ್ದಾರೆ. ಅದು ಕಿವಿಗೆ ಸ್ವಲ್ಪ ಗಡಸು, ಆದರೆ ಎಲ್ಲರೂ ಎದ್ದು ನಿಂತು ಒಟ್ಟಿಗೆ ಹೇಳಿದಾಗ ಚೆನ್ನಾಗಿರುತ್ತದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ನಾನು ಓದಿ, ಅವರು ಹಾರ ಬದಲಾಯಿಸಿಕೊಂಡರೆ ಸರ್ಕಾರದ ಲೆಕ್ಕದಲ್ಲಿ ಮದುವೆ ಆಯ್ತು ಅಂತಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಸ್ನೇಹಿತನೊಬ್ಬ ಒಂದು ದಿನದ ಮಟ್ಟಿಗೆ ಅಧಿಕಾರ ಪಡೆದು ಮದುವೆ ಮಾಡಿಸಬಹುದಂತೆ. ಅಲ್ಲಿ ಕೆಲಸ ಮಾಡುವ ಹುಡುಗರು ನನಗೂ ಅಂಥದ್ದೇನೋ ಲೈಸೆನ್ಸ್ ಇದೆ ಅಂದುಕೊಂಡು ಬರುತ್ತಾರೆ. ಇಲ್ಲಿ ಆ ಅಧಿಕಾರ ವಿವಾಹಾಧಿಕಾರಿಗೆ, ಅಂದರೆ ನಮ್ಮ ಸಬ್ ರಿಜಿಸ್ಟ್ರಾರಿಗೆ. ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಮಾಡಿಸ್ತೀವಿ ಅಂದರೆ, ಇಬ್ಬರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದಿರಬೇಕು. ಶಾಸ್ತ್ರ ಇಲ್ಲದ ಬರೀ ರಿಜಿಸ್ಟ್ರೇಶನ್ ಸಾಲದು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ತಮಿಳುನಾಡಿನವರು 1967ರಲ್ಲೇ ಆ ಕಾಯ್ದೆಗೆ ತಿದ್ದುಪಡಿ ತಂದು, ಪುರೋಹಿತರಿಲ್ಲದ ಮದುವೆಗೆ ಜಾಗ ಮಾಡಿಕೊಂಡರು. ನಮ್ಮಲ್ಲಿ ಅಂಥ ಕಲಮು ಇಲ್ಲ.

ಅದಕ್ಕೇ ನನ್ನ ಹತ್ತಿರ ಬಂದವರಿಗೆ ಮೊದಲು 1954ರ ವಿಶೇಷ ವಿವಾಹ ಕಾಯ್ದೆಯ ದಾರಿ ತೋರಿಸುತ್ತೇನೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇದ್ದಿರಬೇಕು. ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. 30 ದಿನ ಕಾಯಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮೂವರು ಸಾಕ್ಷಿಗಳ ಮುಂದೆ ಮದುವೆ ಆಗಬೇಕು. ಮನೆಯಲ್ಲಿ ಹೇಳದೆ ಮದುವೆ ಆಗುವವರು ಎಡವೋದು ಇಲ್ಲೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಇದೆ, ಅಲ್ಲೇ ನೋಟಿಸ್ ಕೊಟ್ಟರೆ ಊರಿಗೆ ಗೊತ್ತಾಗಲ್ಲ ಅಂದುಕೊಂಡಿರುತ್ತಾರೆ. ಕಾಯಂ ವಿಳಾಸ ಹಾಸನದ್ದಾದರೆ ನೋಟಿಸಿನ ಒಂದು ಪ್ರತಿ ಇಲ್ಲಿಗೂ ಬಂದು ಗೋಡೆಗೆ ಅಂಟುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿ ಅಂದರೆ ಊರಿನ ಅರ್ಧ ಜನ ಜಮೀನಿನ ಕೆಲಸಕ್ಕೆ ಓಡಾಡುವ ಜಾಗ. ಯಾರೋ ಒಬ್ಬ ಚಿಕ್ಕಪ್ಪ ಓದದೆ ಇರ್ತಾನಾ? ಹಾಗಂತ ಜಾತಿ ಬೇರೆ, ಅಪ್ಪನಿಗೆ ಇಷ್ಟ ಇಲ್ಲ ಅನ್ನೋದು ತಕರಾರಾಗಿ ನಿಲ್ಲಲ್ಲ. ವಯಸ್ಸು, ಈಗಾಗಲೇ ಗಂಡನೋ ಹೆಂಡತಿಯೋ ಇರೋದು, ಮನಸ್ಸಿನ ಆರೋಗ್ಯ, ಹತ್ತಿರದ ರಕ್ತಸಂಬಂಧ, ಇಷ್ಟೇ ಕಾರಣಗಳು. ಆ ಕೊನೆಯದು ನಮ್ಮವರಿಗೆ ಗೊತ್ತಿರಬೇಕು. ಸೋದರಮಾವನ ಮಗಳು, ಸೋದರತ್ತೆ ಮಗಳು ಈ ಕಾಯ್ದೆಯ ನಿಷೇಧದ ಪಟ್ಟಿಯಲ್ಲಿದ್ದಾರೆ! ಅಂಥ ಜೋಡಿಗೆ ಬೇರೆ ದಾರಿಯೇ ವಾಸಿ, ಮೊದಲೇ ವಕೀಲರನ್ನು ಕೇಳಿ ಅನ್ನುತ್ತೇನೆ.

ಕಾಗದದ ತಕರಾರುಗಳು ಸಣ್ಣವು, ಆದರೆ ಪ್ರಾಣ ತಿನ್ನುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಸ್ಪೆಲಿಂಗು, ಆಧಾರ್‌ನಲ್ಲಿ ಇನ್ನೊಂದು. ಇನಿಶಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಲಗ್ನಪತ್ರಿಕೆ ಅಚ್ಚು ಹಾಕಿಸೋ ಮುಂಚೆ ಇದನ್ನು ಸರಿ ಮಾಡಿಸಿ ಅಂತ ಮೊದಲ ಫೋನಿನಲ್ಲೇ ಹೇಳಿಬಿಡುತ್ತೇನೆ.

ಕಚೇರಿಯಲ್ಲಿ ಸಹಿ ಹಾಕುವ ದಿನ ಸಾಧ್ಯವಾದರೆ ನಾನೂ ಹೋಗುತ್ತೇನೆ. ಅಲ್ಲಿ ಮದುವೆಯ ಕಳೆ ಅನ್ನೋದು ಇರಲ್ಲ. ಕ್ರಯಪತ್ರ ಹಿಡಿದು ಕೂತವರ ನಡುವೆ ಇವರೂ ಬೆಂಚಿನ ಮೇಲೆ ಕೂತಿರುತ್ತಾರೆ. ಹಾರ ಪ್ಲಾಸ್ಟಿಕ್ ಕವರಿನಲ್ಲಿ ಬೆವರುತ್ತಿರುತ್ತದೆ. ಹೆಸರು ಕೂಗಿದ ಮೇಲೆ ಫೋಟೋ, ಹೆಬ್ಬೆಟ್ಟು, ಸಹಿ, ಮುಗೀತು. ಆದರೆ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿದೆ. ಅಧಿಕಾರಿ ಮತ್ತು ಸಾಕ್ಷಿಗಳ ಎದುರು, ನಿನ್ನನ್ನು ನನ್ನ ಹೆಂಡತಿಯಾಗಿ, ಗಂಡನಾಗಿ ಸ್ವೀಕರಿಸುತ್ತೇನೆ ಅಂತ ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕು. ಅವರಿಗೆ ತಿಳಿಯುವ ಭಾಷೆಯಲ್ಲೇ ಹೇಳಬಹುದು. ಗಡಿಬಿಡಿಯಲ್ಲಿ ಇದನ್ನು ಯಾರೂ ಕೇಳಲ್ಲ. ನಾನು ಹುಡುಗ ಹುಡುಗಿಗೆ ಹಿಂದಿನ ದಿನವೇ ಹೇಳಿಕೊಟ್ಟಿರುತ್ತೇನೆ. ಒಂದು ಸಲ ಹುಡುಗಿ ಗಟ್ಟಿಯಾಗಿ, ಕನ್ನಡದಲ್ಲಿ ಹೇಳಿದಳು. ಪಕ್ಕದಲ್ಲಿ ಜಮೀನು ರಿಜಿಸ್ಟ್ರಿಗೆ ಬಂದಿದ್ದ ಯಜಮಾನರೊಬ್ಬರು ತಮ್ಮ ಫೈಲು ಬಿಟ್ಟು ಎದ್ದು ನಿಂತು ಕೈ ತಟ್ಟಿದರು. ಗುಮಾಸ್ತರೂ ನಕ್ಕರು.

ಸಹಿ ಶುಕ್ರವಾರ, ಮನೆಯ ಕಾರ್ಯಕ್ರಮ ಭಾನುವಾರ ಇಟ್ಟುಕೊಳ್ಳೋದು ಈ ಕಡೆ ರೂಢಿಯಾಗುತ್ತಿದೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅಜ್ಜಿಯೊಬ್ಬರು ಕೈಹಿಡಿದು ಕೇಳಿದರೆ ಹನ್ನೆರಡರ ಮೇಲೆ ಸಹಿ ಹಾಕಿಸೋಣ ಅನ್ನುತ್ತೇನೆ. ನನ್ನ ಕೆಲವು ಗೆಳೆಯರಿಗೆ ಇದು ಸೇರಲ್ಲ, ರಾಜಿ ಅಂತಾರೆ. ಒಂದೂವರೆ ಗಂಟೆ ಕಾದರೆ ನನ್ನ ಗಂಟೇನೂ ಹೋಗಲ್ಲ, ಅಜ್ಜಿ ಮದುವೆಗೆ ಬರುತ್ತಾರೆ. ನಾನು ಬಿಟ್ಟುಕೊಡದ ವಿಷಯ ಒಂದೇ, ವರದಕ್ಷಿಣೆ. ಅದನ್ನು ಸುತ್ತಿ ಬಳಸಿ ಕೇಳಲ್ಲ. "ಚಿನ್ನ ಎಷ್ಟು? ಕಾರು ಯಾರು ಕೊಡಿಸ್ತಿದ್ದಾರೆ?" ಅಂತ ಎರಡೂ ಕಡೆಯವರನ್ನು ಕೂರಿಸಿಕೊಂಡೇ ಕೇಳುತ್ತೇನೆ. ಸರಳ ಮದುವೆ ಈಗ ಒಂದು ಫ್ಯಾಷನ್ನೂ ಆಗಿದೆ. ಕಾರ್ಡಿನ ಮೇಲೆ ಕುವೆಂಪು ಫೋಟೋ, ಶೆಡ್ಡಿನಲ್ಲಿ ಮಾವ ಕೊಟ್ಟ ಹೊಸ ಕಾರು. ಅಂಥ ಒಂದು ಮನೆಯಲ್ಲಿ ಕಾಫಿ ಕುಡಿದು, ನಮಸ್ಕಾರ ಹೇಳಿ ಎದ್ದು ಬಂದೆ. ಬೀಗರೂಟದ ಬಗ್ಗೆ ನಾನು ಬಾಯಿ ಬಿಡಲ್ಲ. ನೂರು ಜನರ ಮುಂದೆ ಸರಳವಾಗಿ ಮದುವೆ ಮಾಡಿ, ಮಾರನೇ ದಿನ ಸಾವಿರ ಜನಕ್ಕೆ ಮಟನ್ ಹಾಕಿಸುವವರನ್ನು ನೋಡಿದ್ದೇನೆ. ಊಟ ನಾನೂ ಮಾಡಿ ಬಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಇನ್ನು ನಿಜವಾದ ಕಷ್ಟ. ನಮ್ಮ ಜನಕ್ಕೆ ಮದುವೆ ಆಯ್ತು ಅಂತ ಗೊತ್ತಾಗೋದು ಹೇಗೆ? ಮಂತ್ರ ಕೇಳಿ ಅಲ್ಲ. ಮಂತ್ರದ ಹೊತ್ತಿಗೆ ಎಲ್ಲರೂ ಹರಟೆ ಹೊಡೀತಿರ್ತಾರೆ, ಅಲ್ವಾ? ಓಲಗದವರು ಗಟ್ಟಿಮೇಳ ಊದಿ ಡೋಲು ಬಡಿದ ಕೂಡಲೇ ಎಲ್ಲರ ಕೈ ಮೇಲೇಳುತ್ತದೆ, ಅಕ್ಷತೆ ಬೀಳುತ್ತದೆ. ಆಗ ಮದುವೆ ಆಯ್ತು. ನಾನು ಮಾಡಿಸುವ ಮದುವೆಯಲ್ಲಿ ಓಲಗ ಇರಲ್ಲ. ಅಕ್ಷತೆ ಮಾತ್ರ ಇರುತ್ತದೆ, ಯಾಕಂದರೆ ಅಕ್ಷತೆ ಬೇಡ ಅಂದರೆ ಹೆಂಗಸರು ಒಪ್ಪಲ್ಲ.

ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಏಪ್ರಿಲ್‌ನಲ್ಲಿ ಮದುವೆ ಇತ್ತು. ಕೊಯ್ಲು ಮುಗಿದು ಕಾಫಿ ಕಣ ಖಾಲಿ, ಅಲ್ಲೇ ಚಪ್ಪರ ಹಾಕಿದ್ದರು. ಬಾಗಿಲಲ್ಲೇ ಎಲ್ಲರ ಕೈಗೆ ಅಕ್ಷತೆ ಕೊಟ್ಟಿದ್ದರು. ನಾನು ಮೊದಲ ಪ್ಯಾರಾ ಓದಿ ಉಸಿರು ತಗೊಂಡೆ. ಅಷ್ಟು ನಿಶ್ಶಬ್ದ ಸಾಕಾಯ್ತು. ಹಿಂದಿನ ಸಾಲಿನಲ್ಲಿ ಒಬ್ಬರು ಎಸೆದರು, ಅವರನ್ನು ನೋಡಿ ಪಕ್ಕದವರು, ಆಮೇಲೆ ಇಡೀ ಚಪ್ಪರ. ಹುಡುಗ ಹುಡುಗಿ ಇನ್ನೂ ಹಾರವನ್ನೇ ಮುಟ್ಟಿರಲಿಲ್ಲ. ತಾಳಿ ಕಟ್ಟುವಾಗ ಯಾರ ಕೈಯಲ್ಲೂ ಒಂದು ಕಾಳಿರಲಿಲ್ಲ. ಅರಿಶಿನ ಹತ್ತಿದ ಅಂಗೈಗಳನ್ನು ನೋಡಿಕೊಂಡು ನಿಂತಿದ್ದರು. ಒಬ್ಬ ಅಜ್ಜಿ ಬಗ್ಗಿ, ಕಣದ ನೆಲದಿಂದ ನಾಲ್ಕು ಕಾಳು ಆರಿಸಿ, ಊದಿ, ಮತ್ತೆ ಹಾಕಿದರು.

ಆವತ್ತಿನಿಂದ ಅಕ್ಷತೆ ತಟ್ಟೆ ನನ್ನ ಪಕ್ಕದಲ್ಲೇ ಇರುತ್ತದೆ. ಇಬ್ಬರೂ ಪ್ರಮಾಣ ಹೇಳಿ ಮುಗಿಸಿದ ಮೇಲೆ ನಾಲ್ಕು ಮಕ್ಕಳು ಅದನ್ನು ಹಂಚುತ್ತಾರೆ. ಅಷ್ಟು ಹೊತ್ತು ಸುಮ್ನೆ ಕೂರಲು ಆಗಲ್ಲ, ಅದಕ್ಕೇ ಆಗ ಸೋಬಾನೆ ಹೇಳಿಸುತ್ತೇನೆ. ಹಾಸನದ ಕಡೆ ಯಾವ ಹಳ್ಳಿಗೆ ಹೋದರೂ ಸೋಬಾನೆ ಪದ ಬರುವ ಇಬ್ಬರು ಮುದುಕಿಯರಾದರೂ ಸಿಗುತ್ತಾರೆ. ಛತ್ರದ ಮದುವೆಗಳಲ್ಲಿ ಅವರನ್ನು ಯಾರೂ ಕೇಳಲ್ಲ, ಸ್ಪೀಕರ್ ಸೆಟ್ಟು ಬಂದ ಮೇಲೆ ಮೂಲೆ ಸೇರಿದ್ದಾರೆ. ಹಿಂದಿನ ಸಂಜೆ ಹೋಗಿ ಎಲೆ ಅಡಿಕೆ ಕೊಟ್ಟು ಕರೆಯುತ್ತೇನೆ. "ಐನೋರಿಲ್ದೆ ಮದ್ವೆ ಎಂಗಾಯ್ತದವ್ವ?" ಅಂತ ಕೇಳಿದ ಅಜ್ಜಿಯೇ ಮಾರನೇ ದಿನ ಮೈಕ್ ಬಿಡಲಿಲ್ಲ. ಪದ ಮುಗಿಯುತ್ತಿದ್ದಂತೆ ಮನೆಯ ಹಿರಿಯರೊಬ್ಬರು ಎದ್ದು "ಹಾಕ್ರಪ್ಪಾ ಅಕ್ಷತೆ" ಅಂತ ಕೂಗುತ್ತಾರೆ. ಆ ಮಾತು ನಾನು ಹೇಳಲ್ಲ, ಅವರೇ ಹೇಳಬೇಕು. ಮದುವೆಗೆ ಬರಲ್ಲ ಅಂತ ಹಟ ಹಿಡಿದ ದೊಡ್ಡಪ್ಪನಿಗೆ ಈ ಕೆಲಸ ಕೊಟ್ಟರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವರೇ ಪಂಚೆ ಉಟ್ಟು ರೆಡಿ ಇರುತ್ತಾರೆ.

ಪ್ರಮಾಣವನ್ನು ನಾನು ಓದಿ ಅವರು ತಲೆಯಾಡಿಸೋದು ನನಗೆ ಹಿಡಿಸಲ್ಲ. ಒಂದೊಂದೇ ಸಾಲು ಅವರ ಬಾಯಲ್ಲೇ ಬರಬೇಕು. ಹುಡುಗರು ಹೆಚ್ಚಾಗಿ ಗೊಣಗುತ್ತಾರೆ. ಹುಡುಗಿಯರು ಆ ದಿನ ತಲೆ ತಗ್ಗಿಸಬೇಕು ಅಂತ ಅಭ್ಯಾಸ ಆಗಿಹೋಗಿದೆ. "ನನ್ನನ್ನ ನೋಡಬೇಡಿ, ಅವರನ್ನ ನೋಡಿ ಹೇಳಿ" ಅಂತ ಕಿವಿಯಲ್ಲಿ ಹೇಳುತ್ತೇನೆ. ತಾಳಿ ಬೇಕೋ ಬೇಡವೋ ಅನ್ನೋದನ್ನು ಹುಡುಗಿಯೊಬ್ಬಳನ್ನೇ ಕರೆದು ಮುಂಚೆಯೇ ಕೇಳಿರುತ್ತೇನೆ. ಬಹಳಷ್ಟು ಜನ ಬೇಕು ಅಂತಾರೆ. ಅಮ್ಮನಿಗೋಸ್ಕರ ಅಂತಾರೆ, ಕೆಲವರು ತನಗೇ ಇಷ್ಟ ಅಂತಾರೆ. ಬೇಡ ಅಂದವರ ಅಮ್ಮನ ಹತ್ತಿರ ಅಡುಗೆಮನೆಯಲ್ಲಿ ಕೂತು ಮಾತಾಡೋದು ನನ್ನ ಪಾಲಿಗೆ. ಹೆಂಗಸಾಗಿ ಈ ಕೆಲಸಕ್ಕೆ ಇಳಿದಿದ್ದರ ಅನುಕೂಲ ಇಲ್ಲಿದೆ. ಗಂಡಸರಿಗೆ ಜಗಲಿಯಲ್ಲಿ ಕಾಫಿ ಸಿಗುತ್ತದೆ, ಮನೆಯ ಸಮಾಚಾರ ಸಿಗೋದು ಒಲೆ ಹತ್ತಿರ.

ಆಷಾಢದಲ್ಲಿ ಛತ್ರ ಅಗ್ಗ ಸಿಗುತ್ತೆ ಅಂತ ಕೆಲವು ಜೋಡಿಗಳು ಬರುತ್ತಾರೆ. ಮಾಡಿಸುತ್ತೇನೆ, ಆದರೆ ಮಲೆನಾಡಿನಲ್ಲಿ ಆ ಮಳೆಗೆ ತಗಡಿನ ಶೀಟಿನ ಕೆಳಗೆ ಮೈಕ್ ಇದ್ದರೂ ಏನೂ ಕೇಳಿಸಲ್ಲ. ಹೆಂಚಿನ ಮನೆಯ ತೊಟ್ಟಿಯಾದರೆ ಸರಿ. ಮಳೆಗಿಂತ ನನಗೆ ಭಾಷಣದ ಭಯ ಜಾಸ್ತಿ. ಪುರೋಹಿತರಿದ್ದರೆ ಯಾರೂ ನಡುವೆ ಬಾಯಿ ಹಾಕಲ್ಲ. ಇಲ್ಲದಿದ್ದರೆ ಊರಿನ ಮುಖಂಡರಿಗೆಲ್ಲ ವೇದಿಕೆ ಖಾಲಿ ಕಂಡಂತೆ ಆಗುತ್ತದೆ. ಶುಭ ಹಾರೈಸೋಕೆ ಎದ್ದವರು ಅಡಿಕೆ ರೇಟು, ಆನೆ ಕಾಟ ಎಲ್ಲ ಮುಗಿಸಿ ಕೂರುತ್ತಾರೆ. ಅದಕ್ಕೆ ಭಾಷಣವನ್ನೆಲ್ಲ ಊಟದ ಎಲೆ ಹಾಕಿದ ಮೇಲೆ ಇಟ್ಟುಕೊಂಡಿದ್ದೇನೆ. ಸಾರು ಬಂದ ಮೇಲೆ ಯಾರ ಮಾತೂ ಉದ್ದ ಆಗಲ್ಲ.

ಹೊರಡುವಾಗ ತಾಂಬೂಲ ಕೊಡುತ್ತಾರೆ. ಕಾಯಿ, ಬಾಳೆಹಣ್ಣು, ರವಿಕೆ ಕಣ, ವೀಳ್ಯದೆಲೆ. ಬೇಡ ಅನ್ನಲ್ಲ, ಅದು ಮನೆಯವರ ಮರ್ಯಾದೆ. ಎಲೆಯ ಕೆಳಗೆ ಕವರು ಇಟ್ಟಿದ್ದರೆ ತೆಗೆದು ಹುಡುಗಿಯ ಕೈಗೇ ಮುಯ್ಯಿ ಅಂತ ಕೊಟ್ಟುಬಿಡುತ್ತೇನೆ. ಈಗ ಚಿಕ್ಕಮಗಳೂರು ಕಡೆಯ ಇಬ್ಬರು ಹುಡುಗರು ನನ್ನ ಜೊತೆ ಬಂದು ಕಲಿಯುತ್ತಿದ್ದಾರೆ. ಇಬ್ಬರದೂ ಒಳ್ಳೆಯ ಕಂಠ, ಓದು ನನಗಿಂತ ಚೆನ್ನಾಗಿದೆ. ಒಬ್ಬನನ್ನು ಹೋದ ಸಲ ಅತ್ತೆಯರ ಗುಂಪಿನಲ್ಲಿ ಕೂರಿಸಿ ಬಂದೆ. ಎರಡು ಲೋಟ ಕಾಫಿ ಮುಗಿಯೋ ಹೊತ್ತಿಗೆ ಅವನ ಜಾತಕ, ಸಂಬಳ, ಊರು ಎಲ್ಲ ಅವರಿಗೆ ಗೊತ್ತಾಗಿತ್ತು. ಹುಡುಗನ ಕಡೆಯವರು ಬೇಸರ ಮಾಡಿಕೊಂಡಿರೋದು ಯಾಕೆ ಅಂತ ಮಾತ್ರ ಇವನಿಗೆ ಗೊತ್ತಾಗಿರಲಿಲ್ಲ. ಇನ್ನೊಂದೆರಡು ಮದುವೆಗೆ ಅವನಿಗೆ ಅಡುಗೆಮನೆ ಡ್ಯೂಟಿಯೇ ಹಾಕಿದ್ದೇನೆ.