‘ಈ ವಾರ ಏನಾಯಿತು?’: ಆತ್ಮಹತ್ಯೆಯ ಅಪಾಯ ತಿಳಿಯುವ ಕೆಲಸದಲ್ಲಿ ನನ್ನ ಅನುಭವ

ಆತ್ಮಹತ್ಯೆಗೆ ಯತ್ನಿಸಿ ತಾಲ್ಲೂಕು ಆಸ್ಪತ್ರೆಗೆ ಬಂದವರ ಮನೆಯವರನ್ನು ಕೇಳಿದರೆ ಒಂದೇ ಕಾರಣ ಹೇಳುತ್ತಾರೆ. ಹೊಟ್ಟೆನೋವು, ಇಲ್ಲ ಸಾಲ, ಇಲ್ಲ ಗಂಡ-ಹೆಂಡಿರ ಜಗಳ. ಸರ್ಕಾರದ ಲೆಕ್ಕದಲ್ಲೂ ಸಾವಿಗೊಂದು ಕಾರಣ. 2022ರಲ್ಲಿ ದೇಶದಲ್ಲಿ ದಾಖಲಾದ 1,70,924 ಆತ್ಮಹತ್ಯೆಗಳಲ್ಲಿ ಶೇ 31.7ರ ಮುಂದೆ ‘ಕೌಟುಂಬಿಕ ಸಮಸ್ಯೆ’ ಎಂದಿದೆ, ಶೇ 18.4ರ ಮುಂದೆ ‘ಕಾಯಿಲೆ’ ಎಂದಿದೆ. ಆ ವರ್ಷ ಕರ್ನಾಟಕದಲ್ಲಿ ಜೀವ ಕಳೆದುಕೊಂಡವರು 13,606 ಮಂದಿ. ಯೋಜನೆ ರೂಪಿಸುವವರಿಗೆ ಈ ಅಂಕಿ ಬೇಕು. ಎದುರಿಗೆ ಕೂತವರನ್ನು ಉಳಿಸಿಕೊಳ್ಳಲು ಮಾತ್ರ ಅದು ಸಾಲದು. ಹತ್ತು ವರ್ಷದಿಂದ ನಡೆದು ಬಂದ ಜಗಳ ಈ ವಾರವೇ ಯಾಕೆ ಸಹಿಸಲಾಗದಷ್ಟಾಯಿತು ಎನ್ನುವುದು ಗೊತ್ತಾಗಬೇಕು.

ಅದಕ್ಕಾಗಿ ನಾನು ಹಾಳೆಯನ್ನು ಮೂರು ಪಾಲು ಮಾಡಿಕೊಳ್ಳುತ್ತೇನೆ. ಮೊದಲ ಪಾಲಿನಲ್ಲಿ ಹಳೆಯದು: ಹಿಂದೆ ಯತ್ನಿಸಿದ್ದುಂಟೇ, ಮನೆತನದಲ್ಲಿ ಯಾರಾದರೂ ಹೀಗೆ ಸತ್ತಿದ್ದಾರೆಯೇ, ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆ, ಕುಡಿತ, ಬಾಲ್ಯದಲ್ಲಿ ಅನುಭವಿಸಿದ ಹಿಂಸೆ, ವರ್ಷಗಟ್ಟಲೆ ಕಾಡುವ ನೋವು. ಎರಡನೆಯದರಲ್ಲಿ ಕಳೆದ ಮೂವತ್ತು ದಿನದಲ್ಲಿ ಬದಲಾದದ್ದು. ಮೂರನೆಯದರಲ್ಲಿ ಇಲ್ಲಿಯ ತನಕ ತಡೆದು ನಿಲ್ಲಿಸಿದ್ದು: ಮಗು, ತಾಯಿ, ದೇವರ ಮೇಲಿನ ನಂಬಿಕೆ, ಹಾಲು ಕರೆಯಲೇಬೇಕಾದ ಹಸು, ಏನಾದರೂ ಸರಿ. ಮೊದಲ ಪಾಲು ಅಪಾಯ ಯಾರಿಗೆ ಹೆಚ್ಚು ಎಂದು ತೋರಿಸುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಅದು ಎರಡನೆಯ ಪಾಲಿನಲ್ಲಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲನೆಯದನ್ನು ತುಂಬಿಸಿ ನಿಲ್ಲಿಸುತ್ತಾರೆ, ಯಾಕೆಂದರೆ ಅದು ಕೇಸ್ ಶೀಟಿನಲ್ಲೇ ಸಿಗುತ್ತದೆ. ಎರಡನೆಯದಕ್ಕೆ ಕೂತು ಮಾತಾಡಬೇಕು, ಮುಕ್ಕಾಲು ಗಂಟೆಯಾದರೂ ಬೇಕು.

ಮಾತು ನಿದ್ದೆಯಿಂದ ಶುರು ಮಾಡುತ್ತೇನೆ. ನಿದ್ದೆಯ ಬಗ್ಗೆ ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾಗಿ ಬೆಳಗಿನ ತನಕ ಒಬ್ಬರೇ ಕೂತಿರುವವರಿಗೆ ಆ ಎರಡು ಮೂರು ಗಂಟೆಯೇ ಬಲು ಕಠಿಣ. ಅಲ್ಲಿಂದ ಮೆಟ್ಟಿಲು ಇಳಿದಂತೆ ಒಂದೊಂದೇ ಪ್ರಶ್ನೆ: “ಜೀವನ ಸಾಕು ಅನ್ನಿಸಿದ್ದುಂಟಾ?” “ಮಲಗಿದವರು ಏಳದೇ ಹೋದ್ರೆ ಚೆನ್ನಾಗಿತ್ತು ಅನ್ಸುತ್ತಾ?” “ಸಾಯಬೇಕು ಅನ್ನೋ ಯೋಚನೆ ಬರುತ್ತಾ?” “ಹೇಗೆ ಅಂತ ಯೋಚಿಸಿದ್ರಾ?” “ಅದಕ್ಕೆ ಏನಾದ್ರೂ ಸಿದ್ಧ ಮಾಡಿಟ್ಟುಕೊಂಡಿದ್ದೀರಾ?” ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಕೆಡುವುದು ಕೇಳುವ ಧಾಟಿಯಿಂದ. “ಅಂಥಾದ್ದೇನೂ ಇಲ್ಲ ತಾನೇ?” ಎಂದರೆ ಎದುರಿನವರು ನಮ್ಮ ಮುಖ ನೋಡಿ “ಇಲ್ಲ” ಎಂದುಬಿಡುತ್ತಾರೆ.

ಅತ್ತೆ ಅಥವಾ ಗಂಡ ಪಕ್ಕದಲ್ಲಿದ್ದರೆ ಈ ಯಾವ ಪ್ರಶ್ನೆಗೂ ನಿಜವಾದ ಉತ್ತರ ಬರುವುದಿಲ್ಲ. “ಸ್ವಲ್ಪ ಪರೀಕ್ಷೆ ಮಾಡಬೇಕು, ನೀವು ಹೊರಗೆ ಕೂತಿರಿ” ಎಂದು ಎಲ್ಲ ರೋಗಿಗಳ ಮನೆಯವರಿಗೂ ಹೇಳುವುದನ್ನು ರೂಢಿ ಮಾಡಿಕೊಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಪೊಲೀಸ್ ಕೇಸಿನ ಹೆದರಿಕೆಗೆ “ಕೈತಪ್ಪಿ ಆಯ್ತು” ಎಂದು ಹೇಳಿಸುವುದೂ ಬಹಳ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 115ನೇ ಸೆಕ್ಷನ್ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರನ್ನು ಶಿಕ್ಷಿಸುತ್ತಿದ್ದ ಐಪಿಸಿಯ (ಹಳೆಯ ಭಾರತೀಯ ದಂಡ ಸಂಹಿತೆ) 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ) ಬರೆಯುವುದು ಬೇರೆ, ಜೈಲಾಗುವುದು ಬೇರೆ. ಇದನ್ನು ಬಿಡಿಸಿ ಹೇಳಿದ ಮೇಲೆ ಮಾತು ಸಲೀಸಾಗುತ್ತದೆ.

ಮನಸ್ಸಿನ ಒಳಗಿನ ಅಂಶಗಳಲ್ಲಿ ನಾನು ಹೆಚ್ಚು ಕಿವಿಗೊಡುವುದು ಮೂರಕ್ಕೆ: ಮುಂದೆ ಏನೂ ಸರಿಹೋಗದು ಎಂಬ ಹತಾಶೆ, ಎಲ್ಲ ದಾರಿಯೂ ಮುಚ್ಚಿದೆ ಎಂಬ ಭಾವನೆ, ನಾನು ಎಲ್ಲರಿಗೂ ಭಾರ ಎಂಬ ನಂಬಿಕೆ. “ನಾನಿಲ್ಲದಿದ್ರೆ ಮಕ್ಕಳಿಗೆ ನೆಮ್ಮದಿ” ಎಂಬ ಮಾತನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. ಹೇಳುವವರು ಅದನ್ನು ಲೆಕ್ಕ ಹಾಕಿಯೇ ಹೇಳುತ್ತಿರುತ್ತಾರೆ. ಡಯಾಲಿಸಿಸ್‌ಗೆ ಹೋಗುವ ಹಿರಿಯರು, ಪಾರ್ಶ್ವವಾಯುವಾಗಿ ಮಲಗಿದವರು ಹೀಗೆನ್ನುವುದು ಸಾಮಾನ್ಯ. “ನಿಮ್ಮ ಲೆಕ್ಕದಲ್ಲಿ ಮಕ್ಕಳಿಗೆ ಏನು ಉಳಿಯುತ್ತೆ ಅಂದ್ಕೊಂಡಿದ್ದೀರಿ?” ಎಂದು ಕೇಳಿ, ಉತ್ತರ ಬಂದ ಮೇಲೆ ಅವರ ಒಪ್ಪಿಗೆ ಪಡೆದು ಮಕ್ಕಳನ್ನೇ ಕರೆಸುತ್ತೇನೆ. ಅದು ನನ್ನ ಬಾಯಿಂದ ಬರುವ ಸಮಾಧಾನಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಸಾಮಾಜಿಕ ಅಂಶಗಳಲ್ಲಿ ಸಾಲದ ಮೇಲೆ ಬಹಳ ಹೊತ್ತು ನಿಲ್ಲುತ್ತೇನೆ. ಬಡತನ ಒಂದೇ ಜೀವ ತೆಗೆಯುವುದಿಲ್ಲ. ಮರ್ಯಾದೆ ಹೋಗುವ ಹೆದರಿಕೆ ಜೊತೆ ಸೇರಿದಾಗ ಪರಿಸ್ಥಿತಿ ಕೈಮೀರುತ್ತದೆ. ಮೈಕ್ರೊಫೈನಾನ್ಸ್ ಗುಂಪುಸಾಲವನ್ನೇ ನೋಡಿ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ತುಂಬಿಕೊಡಬೇಕು. ಹಾಗಾಗಿ ವಸೂಲಿಗೆ ಬಂದವನ ಜೊತೆ ಗುಂಪಿನ ಹೆಂಗಸರೂ ಬಂದು ಜಗಲಿಯ ಮೇಲೆ ಕೂರುತ್ತಾರೆ. ಕಷ್ಟ ಹೇಳಿಕೊಳ್ಳಲು ಯಾರ ಮನೆಗೆ ಹೋಗುತ್ತಿದ್ದಳೋ ಅವರ ಮುಖವನ್ನೇ ನೋಡಲಾರದ ಸ್ಥಿತಿ ಆಗ ಅವಳದು. ಸಾಲ ಮತ್ತು ಒಂಟಿತನ ಎರಡೂ ಒಂದೇ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತಂತೆ. ಅದಕ್ಕೇ “ಸಾಲ ಎಷ್ಟು?” ಎಂದಷ್ಟೇ ಕೇಳಿದರೆ ಸಾಲದು. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾರ ಹೆಸರಿನಲ್ಲಿ, ಜಾಮೀನು ಯಾರು, ಕಂತು ಯಾವ ವಾರ ಎಂದು ಒಂದೊಂದು ಸಾಲಿಗೆ ಬರೆಸುತ್ತೇನೆ. ಕಂತಿನ ಹಿಂದಿನ ರಾತ್ರಿಗೆ ಗುರುತು ಹಾಕಿ, ಆ ಸಂಜೆ ತಪ್ಪದೆ ಫೋನ್ ಮಾಡುತ್ತೇನೆ. ತವರಿಗೂ ಗೊತ್ತಿಲ್ಲದ ಕೈಸಾಲ, ಗಂಡನಿಗೆ ಹೇಳದೆ ಅಡವಿಟ್ಟ ಒಡವೆ ಈ ಪಟ್ಟಿಯಲ್ಲೇ ಹೊರಬೀಳುತ್ತವೆ, ಎಷ್ಟೋ ಸಲ ಕೊನೆಯ ಸಾಲಿನಲ್ಲಿ. ಬೆದರಿಸಿ, ಅವಮಾನಿಸಿ ವಸೂಲಿ ಮಾಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಅದರಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ಠಾಣೆಗೆ ಒಬ್ಬರನ್ನೇ ಕಳಿಸಬೇಡಿ, ಆಶಾ ಕಾರ್ಯಕರ್ತೆಯನ್ನೋ ಪಂಚಾಯಿತಿ ಸದಸ್ಯರನ್ನೋ ಜೊತೆ ಮಾಡಿ.

ಕುಡಿತದ ಲೆಕ್ಕ ಅಳತೆಯಲ್ಲಿ ಬೇಕು. “ಸ್ವಲ್ಪ ತಗೋತೀನಿ” ಎಂಬುದಕ್ಕೆ ಅರ್ಥವಿಲ್ಲ. ದಿನಕ್ಕೆ 90 ಎಂಎಲ್‌ನ ಪ್ಯಾಕೆಟ್ ಎಷ್ಟು, ಕ್ವಾರ್ಟರ್ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಬೇಕೇ ಎಂದು ಕೇಳಬೇಕು. ಕುಡಿದಾಗ ತಡೆಯುವ ಮನಸ್ಸು ಸಡಿಲವಾಗುತ್ತದೆ, ಯೋಚನೆಗೂ ಕೃತ್ಯಕ್ಕೂ ನಡುವಿನ ಅಂತರ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಆದರೆ ಮನೆಯವರು ಸಿಟ್ಟಿನಲ್ಲಿ ಒಂದೇ ದಿನಕ್ಕೆ ಬಿಡಿಸಲು ಹೋಗಬಾರದು. ದಿನವೂ ಹೆಚ್ಚು ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು. ವೈದ್ಯರ ಕೈಯಲ್ಲೇ ಬಿಡಿಸಬೇಕು.

ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಲ್ಲಿ ಫಲಿತಾಂಶದ ದಿನಕ್ಕಿಂತ ಮುಂಚಿನ ವಾರ ಮುಖ್ಯ. ಅದೇ ವರ್ಷ ಮತ್ತೆ ಬರೆಯಲು ನಮ್ಮಲ್ಲಿ ಪರೀಕ್ಷೆ-2 ಇದೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಅಪ್ಪ-ಅಮ್ಮನೇ ಫಲಿತಾಂಶಕ್ಕೆ ಮೊದಲು ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೇಳಿದರೆ ಮಗುವಿಗೆ ಅದು ಬರೀ ಸಮಾಧಾನದ ಮಾತು.

ಅಪಾಯ ಗೊತ್ತಾದ ಮೇಲೆ ಮೊದಲ ಕೆಲಸ ಕೈಗೆ ಸಿಗುವುದನ್ನು ದೂರ ಮಾಡುವುದು. ಸಾಯಬೇಕೆನ್ನುವ ತೀವ್ರತೆ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಆ ಹೊತ್ತಿಗೆ ಹತ್ತಿರ ಏನೂ ಇಲ್ಲದಿದ್ದರೆ ಬದುಕುಳಿಯುವವರು ಬಹಳ. ಅದಕ್ಕೇ ಹೊಲಕ್ಕೆ ಹೊಡೆಯುವ ಔಷಧಿ ಬೇಕಾದಾಗ ಬೇಕಾದಷ್ಟೇ ತನ್ನಿ, ಉಳಿದದ್ದನ್ನು ಮನೆಯಲ್ಲಿ ಇಡದೆ ಬೇರೆಯವರ ವಶಕ್ಕೆ ಕೊಡಿ ಎನ್ನುತ್ತೇನೆ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಸಾಕು ಎಂದು ನಂಬಿದವರುಂಟು. ಶ್ರೀಲಂಕಾದ ಹಳ್ಳಿಗಳಲ್ಲಿ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟು ನಡೆಸಿದ ದೊಡ್ಡ ಅಧ್ಯಯನದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಬೀಗದ ಕೈ ಮನೆಯಲ್ಲೇ ಇದ್ದರೆ ಬೀಗ ಇದ್ದೂ ಇಲ್ಲದಂತೆ. ಅದೇ ದೇಶ ಅತಿವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ತೀವ್ರವಾಗಿ ಇಳಿಯಿತು. ನಮ್ಮಲ್ಲೂ ಅಂಥ ನಿಷೇಧ ಇನ್ನಷ್ಟು ಆಗಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಮಾತ್ರೆಗಳನ್ನು ತಿಂಗಳಿಗೆ ಬದಲು ವಾರಕ್ಕೆ ಬರೆಸಿ, ಮನೆಯ ಒಬ್ಬರ ಕೈಗೆ ಕೊಡುತ್ತೇನೆ.

ಮಕ್ಕಳ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸುವುದು ನಮ್ಮ ಮನೆಗಳಲ್ಲಿ ರೂಢಿ. ಅದರಿಂದ ಯೋಚನೆ ನಿಲ್ಲುವುದಿಲ್ಲ, ಮತ್ತೆ ಬಂದಾಗ ಹೇಳಿಕೊಳ್ಳುವ ಬಾಯಿ ಮಾತ್ರ ಕಟ್ಟಿಹೋಗುತ್ತದೆ. ಅದರ ಬದಲು ಅರ್ಧ ಹಾಳೆಯಲ್ಲಿ ಅವರದೇ ಮಾತಿನಲ್ಲಿ ಸುರಕ್ಷತಾ ಯೋಜನೆ ಬರೆಸುತ್ತೇನೆ: ಯೋಚನೆ ಏರುವ ಮೊದಲು ನನಗೇನಾಗುತ್ತದೆ, ಒಬ್ಬಳೇ ಇದ್ದಾಗ ಏನು ಮಾಡಬಲ್ಲೆ, ಯಾರ ಜೊತೆ ಎಲ್ಲಿ ಹೋಗಿ ಕೂರಬಲ್ಲೆ, ಯಾರಿಗೆ ಬಾಯಿಬಿಟ್ಟು ಹೇಳಬಲ್ಲೆ, ಯಾವ ವೈದ್ಯರು ಮತ್ತು ಸಹಾಯವಾಣಿ, ಮನೆಯಿಂದ ಏನು ದೂರವಿಡಬೇಕು. ‘ಧ್ಯಾನ ಮಾಡುವೆ’ ಎಂದು ಬರೆದರೆ ಒಪ್ಪುವುದಿಲ್ಲ, ಅವರು ಎಂದೂ ಮಾಡಿದವರಲ್ಲದಿದ್ದರೆ. ‘ಹಿತ್ತಿಲಿಗೆ ಹೋಗಿ ಗಿಡಕ್ಕೆ ನೀರು ಹಾಕುವೆ’ ಎಂದರೆ ಒಪ್ಪುತ್ತೇನೆ. ಸಹಾಯವಾಣಿಯ ಸಾಲಿನಲ್ಲಿ ಸರ್ಕಾರದ ಟೆಲಿ ಮಾನಸ್ 14416 ಇರುತ್ತದೆ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ನನ್ನೆದುರೇ ಅವರ ಮೊಬೈಲಿನಲ್ಲಿ ಸೇವ್ ಮಾಡಿಸುತ್ತೇನೆ.

ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ವಾರ ಮತ್ತು ನಂತರದ ಮೂರು ತಿಂಗಳು ಎಲ್ಲಕ್ಕಿಂತ ಎಚ್ಚರದ ಕಾಲ. ಹಿಂದಿನ ಯತ್ನವೇ ಅತಿ ದೊಡ್ಡ ಅಪಾಯದ ಅಂಶ. “ಈಗ ಆರಾಮಾಗಿದ್ದಾರೆ” ಎಂದು ಮನೆಯವರು ನಿರಾಳವಾಗುವುದೂ ಆಗಲೇ. ಕಾರಣವಿಲ್ಲದೆ ತಟ್ಟನೆ ಶಾಂತವಾದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ ಅದೇ ದಿನ ಕರೆತರಲು ಹೇಳುತ್ತೇನೆ. ಚೆನ್ನೈ, ಕೊಲಂಬೊ ಸೇರಿ ಐದು ಕಡೆ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿದ ಕ್ರಮವನ್ನೇ ನಾನೂ ಹಿಡಿದಿದ್ದೇನೆ: ಬಿಡುಗಡೆಯ ಹೊತ್ತಿಗೆ ಒಂದು ಗಂಟೆ ಮಾತು, ಆಮೇಲೆ 1, 2, 4, 7, 11ನೇ ವಾರ ಮತ್ತು 4, 6, 12, 18ನೇ ತಿಂಗಳು ಸಂಪರ್ಕ. ಮೊದಲ ವಾರಕ್ಕೆ ಇನ್ನೆರಡು ಕರೆ ಸೇರಿಸಿಕೊಂಡಿದ್ದೇನೆ. ಇದು ತಪ್ಪುವುದು ಫೋನಿನಿಂದಲೇ. ನಂಬರ್ ಗಂಡನದು, ರೀಚಾರ್ಜ್ ಮುಗಿದಿದೆ, ಇಲ್ಲವೇ ಎತ್ತಿದವರು ಬೇರೆ. ಅದಕ್ಕೆ ಎರಡು ನಂಬರ್, ಮಾತಾಡಲು ಅನುಕೂಲವಾದ ಹೊತ್ತು, ಬೇರೆಯವರು ಎತ್ತಿದರೆ ಯಾರೆಂದು ಹೇಳಬೇಕು, ಈ ಮೂರನ್ನೂ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಎರಡು ಕರೆಗೂ ಸಿಗದಿದ್ದರೆ ಮರುದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬರುತ್ತಾರೆ.