ಶೀಲ್ಡ್ ಕೆಳಗಿನಿಂದ ನುಗ್ಗುವ ಗಾಳಿಗೆ ಮನೆಯಲ್ಲೇ ಮಾಡಿದ ಡಿಫ್ಲೆಕ್ಟರ್

ಬೈಕಿಗೆ ವಿಂಡ್‌ಶೀಲ್ಡ್ ಹಾಕಿದ ಮೇಲೂ ಹೆಲ್ಮೆಟ್ ಗಡಗಡ ಅಲುಗುತ್ತಿದ್ದರೆ ಹೆಚ್ಚಿನವರು ಇನ್ನೂ ಎತ್ತರದ ಶೀಲ್ಡ್ ಹುಡುಕುತ್ತಾರೆ. ನನ್ನ ಬೈಕಿನಲ್ಲಿ ತೊಂದರೆ ಇದ್ದದ್ದು ಕೆಳಗೆ. ಓಡುವಾಗ ಶೀಲ್ಡ್ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆ ಜಾಗ ತುಂಬಲು ಫೋರ್ಕ್ (ಮುಂಚಕ್ರ ಹಿಡಿದಿರುವ ಜೋಡಿ ಪೈಪ್) ಮತ್ತು ಟ್ಯಾಂಕ್ ನಡುವಿನ ಸಂದಿಯಿಂದ ಗಾಳಿ ಮೇಲಕ್ಕೆ ನುಗ್ಗಿ ಗದ್ದದ ಕೆಳಗೆ ಸುಳಿಯುತ್ತದೆ. ಅದನ್ನು ತಡೆಯಲು ಫೋರ್ಕ್‌ನ ಎರಡೂ ಕಡೆಗೆ ಒಂದೊಂದು ಪ್ಲಾಸ್ಟಿಕ್ ತುಂಡು ಕಟ್ಟಿದೆ, ಅದೇ ಡಿಫ್ಲೆಕ್ಟರ್.

ಇದನ್ನು ಖಚಿತ ಮಾಡಿಕೊಳ್ಳದೆ ಶೀಟ್ ಕತ್ತರಿಸಬೇಡಿ. ಬೆರಳುದ್ದದ ಉಣ್ಣೆ ದಾರಗಳನ್ನು ಶೀಲ್ಡ್‌ನ ಕೆಳ ಅಂಚಿಗೂ ಟ್ಯಾಂಕಿನ ಮುಂಭಾಗಕ್ಕೂ ಟೇಪ್ ಹಾಕಿ ಅಂಟಿಸಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಹಿಂಬದಿ ಸವಾರರಿಂದ ವಿಡಿಯೊ ಮಾಡಿಸಿ. ದಾರ ಮೇಲಕ್ಕೆ ಎದ್ದು ಕುಣಿದರೆ ಈ ಕೆಲಸ ಫಲ ಕೊಡುತ್ತದೆ.

ಬೇಕಾದದ್ದು 3 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್, 300×450 ಮಿ.ಮೀ. ಒಂದು ತುಂಡು. ಅಂಗಡಿಯಲ್ಲಿ ‘ಫೈಬರ್ ಶೀಟ್’ ಎಂದು ಕೇಳಿದರೆ ಅಕ್ರಿಲಿಕ್ ಕೊಟ್ಟುಬಿಡಬಹುದು. ಒಂದು ತೆಳು ಪಟ್ಟಿ ಕೊಯ್ದು ಬಗ್ಗಿಸಿ ನೋಡಿ: ಅಕ್ರಿಲಿಕ್ ಪಟ್ಟನೆ ಮುರಿಯುತ್ತದೆ, ಪಾಲಿಕಾರ್ಬೊನೇಟ್ ಮಡಚಿಕೊಳ್ಳುತ್ತದೆ. ಕಲ್ಲು ತಾಗಿ ಚೂರಾಗುವ ವಸ್ತುವನ್ನು ಮುಖದೆದುರು ಇಟ್ಟುಕೊಂಡು ಓಡಿಸುವುದು ತಪ್ಪು.

ಮೊದಲು ರಟ್ಟಿನಲ್ಲಿ ಮಾದರಿ ಮಾಡಿ. ನನಗೆ ಹೊಂದಿದ್ದು ಒಂದೊಂದು ತುಂಡಿಗೆ 260 ಮಿ.ಮೀ. ಎತ್ತರ, 120 ಮಿ.ಮೀ. ಅಗಲ, ಮೂಲೆಗಳು ದುಂಡು. ಇದಕ್ಕಿಂತ ದೊಡ್ಡದು ಬೇಡ. ಫೋರ್ಕ್‌ಗೆ ಕಟ್ಟಿದ ತುಂಡು ಹ್ಯಾಂಡಲ್ ಜೊತೆಗೇ ತಿರುಗುವುದರಿಂದ, ಅಡ್ಡಗಾಳಿಯ ಹೊಡೆತ ನೇರ ಹ್ಯಾಂಡಲ್‌ಗೇ ಬರುತ್ತದೆ. ಮಳೆಗಾಲದಲ್ಲಿ ಚಿತ್ರದುರ್ಗದ ಗಾಳಿಯಂತ್ರಗಳ ಬಳಿ ಹೆದ್ದಾರಿಯಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಕ್ಷಣಾ ಫಿಲ್ಮ್ ತೆಗೆಯದೆಯೇ ಸಣ್ಣ ಹಲ್ಲಿನ ಬ್ಲೇಡಿನಿಂದ ಕೊಯ್ಯಿರಿ. ಅಂಚನ್ನು 220, 400, 600 ನಂಬರ್ ಉಪ್ಪುಕಾಗದದಲ್ಲಿ ಕ್ರಮವಾಗಿ ಉಜ್ಜಿ. ಅಂಚಿನ ಕಚ್ಚಿನಿಂದಲೇ ಬಿರುಕು ಶುರುವಾಗುವುದು. 6 ಮಿ.ಮೀ. ಬೋಲ್ಟ್‌ಗೆ 8 ಮಿ.ಮೀ. ತೂತು ಬೇಕು, ಅಂಚಿನಿಂದ ಕನಿಷ್ಠ 16 ಮಿ.ಮೀ. ಒಳಗೆ. ಕೆಳಗೆ ಮರದ ತುಂಡು ಇಟ್ಟು ನಿಧಾನ ವೇಗದಲ್ಲಿ ಕೊರೆಯಿರಿ. ಬಿಸಿಲಿಗೆ ಶೀಟ್ ಹಿಗ್ಗುತ್ತದೆ. ತೂತು ಬಿಗಿಯಾಗಿದ್ದರೆ ಅಲ್ಲೇ ಸೀಳುತ್ತದೆ.

ಶೀಟನ್ನು ಹೀಟ್ ಗನ್‌ನಿಂದ ಬಗ್ಗಿಸಲು ಹೋಗಬೇಡಿ. ಪಾಲಿಕಾರ್ಬೊನೇಟ್ ಗಾಳಿಯ ತೇವ ಹೀರಿಕೊಂಡಿರುತ್ತದೆ, ಓವನ್‌ನಲ್ಲಿ ಗಂಟೆಗಟ್ಟಲೆ ಒಣಗಿಸದೆ ಕಾಯಿಸಿದರೆ ಒಳಗೆಲ್ಲ ಗುಳ್ಳೆ ಏಳುತ್ತದೆ. ಅದರ ಬದಲು ಶೀಟನ್ನು ಚಪ್ಪಟೆಯಾಗಿಯೇ ಬಿಟ್ಟು, 2 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯನ್ನು ವೈಸ್‌ನಲ್ಲಿ ಬಗ್ಗಿಸಿ ಕೋನ ಕೊಟ್ಟೆ. ಆ ಪಟ್ಟಿ ರಬ್ಬರ್ ಒಳಪದರದ ಕ್ಲ್ಯಾಂಪ್ ಮೂಲಕ ಫೋರ್ಕ್ ಪೈಪನ್ನು ಹಿಡಿಯುತ್ತದೆ, ಒಂದೊಂದು ಕಡೆಗೆ ಎರಡು ಕ್ಲ್ಯಾಂಪ್. ಪೈಪಿನ ವ್ಯಾಸವನ್ನು ಊಹಿಸಬೇಡಿ, ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿ. ನನ್ನದು 41 ಮಿ.ಮೀ. ಇತ್ತು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಂತೆ ಮೇಲ್ಭಾಗದ ಪೈಪ್ ಮುಚ್ಚಿರುವ ಬೈಕ್‌ಗಳಿಗೆ ಈ ಕ್ರಮ ಆಗದು. ಸಸ್ಪೆನ್ಷನ್ ಜೊತೆ ಮೇಲೆ ಕೆಳಗೆ ಆಡುವ ಭಾಗಕ್ಕಂತೂ ಕಟ್ಟಲೇಬಾರದು.

ಶೀಟಿನ ಎರಡೂ ಬದಿಗೆ ರಬ್ಬರ್ ವಾಷರ್, ಹಿಂದೆ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ ನಟ್). ನಟ್ ಸಡಿಲವಾಗದಿರಲಿ ಎಂದು ಥ್ರೆಡ್‌ಲಾಕರ್ ದ್ರವ ಹಾಕುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ, ಅದು ತಗುಲಿದ ಕಡೆ ಪಾಲಿಕಾರ್ಬೊನೇಟ್ ಜೇಡರ ಬಲೆಯಂತೆ ಬಿರಿಯುತ್ತದೆ. ಪೆಟ್ರೋಲ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಬೇಡ. ಸೋಪು ನೀರು ಸಾಕು.

ಶೀಲ್ಡ್‌ಗೂ ಡಿಫ್ಲೆಕ್ಟರ್‌ಗೂ ನಡುವೆ 20–30 ಮಿ.ಮೀ. ಸಂದಿ ಬಿಡಿ. ಪೂರ್ತಿ ಮುಚ್ಚಿದರೆ ಶೀಲ್ಡ್ ಹಿಂದಿನ ಒತ್ತಡ ಇನ್ನಷ್ಟು ಇಳಿದು, ಬೆನ್ನ ಹಿಂದಿನಿಂದ ಗಾಳಿ ಮುಂದಕ್ಕೆ ತಳ್ಳಿದಂತೆ ಆಗುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟ್ಯಾಂಕ್, ಬ್ರೇಕ್ ಹೋಸ್, ಕ್ಲಚ್ ಕೇಬಲ್ ಯಾವುದಕ್ಕೂ 10 ಮಿ.ಮೀ.ಗಿಂತ ಹತ್ತಿರ ಬರದಂತೆ ನೋಡಿ. ಇಂಡಿಕೇಟರ್ ಮರೆಯಾಗಬಾರದು, ಆಯಿಲ್ ಕೂಲರ್ ಇದ್ದರೆ ಅದರ ಗಾಳಿಗೂ ಅಡ್ಡ ಬರಬಾರದು. 40, 60, 80 ಹೀಗೆ ವೇಗ ಏರಿಸುತ್ತ ಹೋಗಿ. ಹ್ಯಾಂಡಲ್ ನಡುಗಿದರೆ ತುಂಡಿನ ಅಗಲವನ್ನು 20 ಮಿ.ಮೀ. ಕಡಿಮೆ ಮಾಡಿ. ಮೊದಲ 100 ಕಿ.ಮೀ. ಆದ ಮೇಲೆ ಎಲ್ಲ ನಟ್‌ಗಳನ್ನೂ ಮತ್ತೊಮ್ಮೆ ನೋಡಿಕೊಳ್ಳಿ.